ಅಗುಳಿ ಬಿತ್ತು ಅಂದವಳು

ಮನೆಯಲ್ಲಿ ಅಷ್ಟೊಂದು ಹಟ ಮಾಡಿ ಬಂದವಳಿಗೆ, ಹೆದರಿಕೆ ಆಗುತ್ತಿದೆ ಎಂದು ಬಾಯಿ ಬಿಡಲು ಆಗುತ್ತಿರಲಿಲ್ಲ. ರಜೆಯಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ ಬನ್ನಿ ಎಂದು ಕಾಲೇಜಿನವರು ಹೇಳಿದಾಗ ಅಪ್ಪ, "ನಿನ್ನ ಚಿಕ್ಕಪ್ಪನ ಬ್ಯಾಂಕಿದೆಯಲ್ಲ, ಫ್ಯಾನ್ ಕೆಳಗೆ ತಣ್ಣಗೆ ಕೂತ್ಕೊ" ಎಂದಿದ್ದ. ಪ್ರಾಣಿಶಾಸ್ತ್ರ ಓದುವವಳು ಬ್ಯಾಂಕಿನಲ್ಲಿ ನೊಣ ಹೊಡೆಯಲೇ ಎಂದು ಜಗಳವಾಡಿ ಮಗಳು ಮೃಗಾಲಯಕ್ಕೆ ಸೇರಿಕೊಂಡಳು. "ಪೂಜೆ ಮಧ್ಯೆ ಕರಡಿ ಬಿಟ್ಟಿದ್ದು ಕೇಳಿದೀನಿ, ಕರಡಿ ಮಧ್ಯೆ ಹುಡುಗೀನ ಬಿಡೋದು ಇದೇ ಮೊದ್ಲು" ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅವನ ಬಾಯಿಗೆ ಸಕ್ಕರೆ ಹಾಕಬೇಕು. ಅವಳ ಪಾಲಿಗೆ ಬಂದದ್ದು ಕರಡಿಯ ಮನೆಯೇ. ಅಲ್ಲಿನ ಪಾಲಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಗಂಡಾಳಿನಂತಹ ಭುಜ, ಮಾತು ಮಾತ್ರ ಮೆತ್ತಗೆ. ಅವಳ ಹಿಂದೆ ಹಿಂದೆ ತಿರುಗಿ ಕೆಲಸ ನೋಡಿಕೊಳ್ಳುವುದೇ ಹುಡುಗಿಯ ಕೆಲಸ.

ಕರಡಿಗೆ ಸೋಮಾರಿ ಎಂದು ಅಡ್ಡಹೆಸರು. ಬೆಳಿಗ್ಗೆ ಅದನ್ನು ಒಳಗಿನ ಕೋಣೆಗೆ ಕರೆದು ತಿನ್ನಲು ಹಾಕಬೇಕು. ಕೋಣೆಗೂ ಹೊರಗಿನ ಅಂಗಳಕ್ಕೂ ನಡುವೆ ಮೇಲೆ ಕೆಳಗೆ ಸರಿಯುವ ಕಬ್ಬಿಣದ ಬಾಗಿಲು. ಕೋಣೆಯ ಸರಳುಗಳ ಈಚೆ, ಓಣಿಯಂತಹ ಜಾಗದಲ್ಲಿ ನಿಂತು ಸನ್ನೆಕೋಲನ್ನು ಕೆಳಗೆ ಒತ್ತಿದರೆ ಬಾಗಿಲು ಮುಚ್ಚುತ್ತದೆ. ಆಮೇಲೆ ಸರಳುಗಳ ಪಕ್ಕದ ತೂತಿಗೆ ಅಗುಳಿ ತೂರಿಸಿ, ಎಳೆದು ನೋಡಿ, "ಬಿತ್ತು" ಎಂದು ಗಟ್ಟಿಯಾಗಿ ಕೂಗಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ತೊಳೆಯಲೆಂದು ಅಂಗಳಕ್ಕೆ ಕಾಲಿಡುವುದು.

ಮೊದಲ ದಿನದಿಂದಲೂ ಹುಡುಗಿಗೆ ಕರಡಿಯ ಉಸಿರೆಂದರೆ ಆಗುತ್ತಿರಲಿಲ್ಲ. ಸರಳಿನಾಚೆಯಿಂದ ಬಿಸಿಯಾಗಿ, ಕೊಳೆತ ಹಣ್ಣಿನ ವಾಸನೆಯ ಜೊತೆ ಬುಸ್ ಎಂದು ಬಂದು ಮುಂಗೈಗೆ ತಾಗುತ್ತಿತ್ತು. ದೊಡ್ಡಕ್ಕ "ಹೇಗನ್ಸತ್ತೆ?" ಎಂದು ಕೇಳಿದಾಗಲೆಲ್ಲ ಅವಳು "ಚೆನ್ನಾಗಿದೆ" ಎನ್ನುತ್ತಿದ್ದಳು. ಮನೆಯಲ್ಲೂ ಅದನ್ನೇ ಹೇಳುತ್ತಿದ್ದಳು.

ಒಂದು ದಿನ ದೊಡ್ಡಕ್ಕ, "ಇಷ್ಟು ದಿನ ನೋಡಿದ್ದಾಯ್ತು, ಇವತ್ತು ಅಗುಳಿ ನೀನೇ ಹಾಕು" ಎಂದು ಪೊರಕೆ ಹಿಡಿದು, ಅಂಗಳಕ್ಕೆ ಆಳುಗಳು ಹೋಗುವ ಬಾಗಿಲ ಬಳಿ ನಿಂತಳು.

ಕರಡಿ ಕೋಣೆಯೊಳಗೆ ಬಂದ ಮೇಲೆ ಹುಡುಗಿ ಸನ್ನೆಕೋಲು ಒತ್ತಿದಳು. ಬಾಗಿಲು ಧಡ್ ಎಂದು ಇಳಿಯಿತು. ಅಗುಳಿ ಎತ್ತಿ ತೂತಿನ ಹತ್ತಿರ ಒಯ್ದಳೋ ಇಲ್ಲವೋ, ಕಪ್ಪು ಮೂತಿ ಸರಳಿನ ನಡುವೆ ತೂರಿ ಬಂತು. ಬುಸ್! ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

"ಬಿತ್ತಾ?" ದೊಡ್ಡಕ್ಕ ಕೂಗಿದಳು.

"ಬಿತ್ತು!" ಎಂದಳು ಹುಡುಗಿ.

ಯಾಕೆ ಹಾಗಂದಳೋ ಅವಳಿಗೇ ಗೊತ್ತಿಲ್ಲ. ಬಿದ್ದಿರಬೇಕು ಅನ್ನಿಸಿತ್ತು, ಅಷ್ಟೆ. ಅಂಗಳದ ಬಾಗಿಲು ಕಿರ್ರೆಂದಿತು. ಹೊರಗೆ ನೀರಿನ ಪೈಪು ಸದ್ದು ಮಾಡತೊಡಗಿತು. ಆಗ ಅವಳ ಕಣ್ಣು ಅಗುಳಿಯ ಮೇಲೆ ಬಿತ್ತು. ಅದು ತನ್ನ ಸರಪಳಿಯಲ್ಲಿ ತೂಗಾಡುತ್ತಿತ್ತು.

ಅಷ್ಟರಲ್ಲಿ ಮೂತಿ ಮಾಯವಾಗಿತ್ತು. ಬಾಗಿಲಿನ ಬುಡದಲ್ಲಿ ಉಗುರು ಕೆರೆಯುವ ಸದ್ದು. ಅವಳು ನೋಡುತ್ತಿದ್ದಂತೆಯೇ, ಯಾರೂ ಮುಟ್ಟದ ಸನ್ನೆಕೋಲು ತಾನಾಗಿ ಮೆಲ್ಲಗೆ ಮೇಲೇಳತೊಡಗಿತು.

"ದೊಡ್ಡಕ್ಕಾ" ಎಂದು ಕೂಗಲು ಬಾಯಿ ತೆರೆದಳು. ಬಂದಷ್ಟು ದನಿಯನ್ನೂ ನೀರಿನ ಸದ್ದು ನುಂಗಿತು. ಕೊನೆಗೆ ಅವಳು ಸನ್ನೆಕೋಲಿನ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದುಬಿಟ್ಟಳು. ಅದು ಅವಳನ್ನೂ ಎತ್ತಿತು. ಒಂದು ಕ್ಷಣ ಪಾದಗಳು ನೆಲ ಬಿಟ್ಟವು. ಆಚೆ ಕರಡಿ ಗುರ್ರೆಂದಿತು, ಆ ಸದ್ದು ಕಬ್ಬಿಣದಲ್ಲಿ ಹರಿದು ಅವಳ ಪಕ್ಕೆಲುಬಿಗೆ ಬಂತು.

ಹಿಡಿತ ಬದಲಿಸಲೋ ಏನೋ, ಕರಡಿ ಒಮ್ಮೆ ಕೈಬಿಟ್ಟಿತು. ಬಾಗಿಲು ಕೆಳಗೆ ಬಿತ್ತು. ಹುಡುಗಿ ಒಂದು ಕೈ ಚಾಚಿ ಅಗುಳಿ ಹಿಡಿದಳು. ಬಿಸಿಯುಸಿರು ಮತ್ತೆ ಮುಂಗೈಗೆ ಬಂತು. ಕಣ್ಣು ಮುಚ್ಚಿದರೆ ತೂತು ಕಾಣದು. ಕಣ್ಣು ಬಿಟ್ಟುಕೊಂಡೇ ತೂರಿಸಿದಳು, ಎಳೆದು ನೋಡಿದಳು, ಮತ್ತೆ ಎಳೆದಳು, ಅಳುತ್ತಾ ಎಳೆಯುತ್ತಲೇ ಇದ್ದಳು.

ದೊಡ್ಡಕ್ಕ ಒದ್ದೆ ಬೂಟು ಎಳೆದುಕೊಂಡು ಒಳಗೆ ಬಂದಾಗ ಏನೂ ಆಗಿರಲಿಲ್ಲ. ಯಾರೂ ನೋಡಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಹುಡುಗಿಗೆ ಅದು ಹೊಳೆಯಿತು ಕೂಡ, ಹೊಳೆದದ್ದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

"ಅಗುಳಿ ಬಿದ್ದಿರ್ಲಿಲ್ಲ," ಎಂದಳು. "ನೀವು ಹೊರಗೆ ಹೋದಾಗ ಬಿದ್ದಿರ್ಲಿಲ್ಲ. ಅದು ಬಾಗಿಲು ಎತ್ತುತ್ತಿತ್ತು."

ದೊಡ್ಡಕ್ಕ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತಳು. ಮುಖ ಸುಣ್ಣದಂತಾಗಿತ್ತು.

"ಮತ್ಯಾಕೆ ಬಿತ್ತು ಅಂದೆ?"

"ಹೆದರಿಕೆ ಆಯ್ತು."

"ಹೆದರಿಕೆ ಅಂತ ಹೇಳಿದ್ರೆ ನಾನೇ ಬಂದು ಹಾಕ್ತಿದ್ದೆನಲ್ಲೇ! ನಂಗೆ ಮನೇಲಿ ಇಬ್ರು ಮಕ್ಕಳಿದಾರೆ. ನಿನ್ನ ಒಂದು ಮಾತು ನಂಬಿ ಒಳಗೆ ಹೋದೆ ನಾನು."

ಆಮೇಲೆ ಅವಳು ಬಯ್ಯಲಿಲ್ಲ. ಹುಡುಗಿಯನ್ನು ಮೇಲಧಿಕಾರಿಯ ಬಳಿಗೆ ಕರೆದುಕೊಂಡು ಹೋಗಿ, ಹೊಸಬಳ ಕೈಗೆ ಅಗುಳಿ ಕೊಟ್ಟು ನೋಡದೆ ಹೋದದ್ದು ತನ್ನದೂ ತಪ್ಪು ಎಂದಳು. ಹುಡುಗಿಗೆ ಇನ್ನು ಪ್ರಾಣಿಗಳ ಮನೆಗೆ ಪ್ರವೇಶವಿಲ್ಲ, ಉಳಿದ ದಿನ ಆಹಾರದ ಕೋಣೆಯಲ್ಲಿ ಕೆಲಸ ಎಂದು ಅಧಿಕಾರಿ ತೀರ್ಮಾನಿಸಿದರು.

ಸಂಜೆ ಊಟಕ್ಕೆ ಕುಳಿತಾಗ ಅಣ್ಣ, "ಏನಂತಿದೆ ನಿಮ್ಮ ಸೋಮಾರಿ?" ಎಂದದ್ದೇ ತಡ, ಅವಳು ತಟ್ಟೆ ಮುಂದಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲವನ್ನೂ ಹೇಳಿದಳು. ಅಪ್ಪ ಬ್ಯಾಂಕಿನ ಸುದ್ದಿ ಎತ್ತಲಿಲ್ಲ. "ನಾಳೆ ಗೇಟಿನವರೆಗೆ ನಾನು ಬರ್ಲಾ?" ಎಂದ.

"ಬಾ" ಎಂದಳು.

ಮರುದಿನದಿಂದ ಅವಳು ಕುಂಬಳಕಾಯಿ ಹೆಚ್ಚಿದಳು, ಕ್ಯಾರೆಟ್ ತೊಳೆದಳು. ಪಕ್ಕದಲ್ಲಿ ಯಾರಾದರೂ ಡಬ್ಬಿ ಬೀಳಿಸಿದರೆ ಬೆಚ್ಚಿ ಕತ್ತಿ ಕೆಳಗಿಡುತ್ತಿದ್ದಳು. ದೊಡ್ಡಕ್ಕ ದಿನಾ ಬಂದು ಕರಡಿಯ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು, ಮಾತಿಲ್ಲ, ಕತೆಯಿಲ್ಲ. ಕೊನೆಯ ದಿನ ಮಾತ್ರ ಬಾಗಿಲಲ್ಲಿ ನಿಂತು, "ಓದು ಮುಗೀಲಿ. ಆಮೇಲೂ ಬರ್ಬೇಕು ಅನ್ಸಿದ್ರೆ ಬಾ" ಎಂದಳು.

ಹುಡುಗಿ ಆಗಲಿ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. "ಇನ್ನೂ ಹೆದರಿಕೆ ಆಗುತ್ತೆ" ಎಂದಳು.

"ಗೊತ್ತು" ಎಂದು ದೊಡ್ಡಕ್ಕ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟಳು.