ಹೋಗಿ ಬರುವ ಟಿಕೆಟ್

ನಮ್ಮ ಅತ್ತಿಗೆಯ ಪೂರ್ತಿ ಮುಖ ನೋಡಿದವರು ಬಂದರಿನಲ್ಲಿ ಕಡಿಮೆ. ದೋಣಿಯ ಟಿಕೆಟ್ ಕೊಡುವ ಕಿಂಡಿ ಅಷ್ಟು ಚಿಕ್ಕದು. ಹೊರಗೆ ನಿಂತವರಿಗೆ ಕಾಣುವುದು ಒಂದು ಗದ್ದ, ಎರಡು ಕೈ. ಒಳಗೆ ಒಂದು ಸ್ಟೂಲು, ತಲೆಗೆ ತಾಗುವ ಫ್ಯಾನು, ಶಾಯಿ ಆರಿಹೋದ ಸೀಲು. ಅಲ್ಲಿಂದ ದಿನವಿಡೀ ಹೊರಬರುವ ಮಾತೂ ಒಂದೇ: "ಹೋಗಿ ಬರೋದಕ್ಕೆ ಒಟ್ಟಿಗೇ ತಗೊಳ್ಳಿ, ಬರುವಾಗ ಸಾಲು ತಪ್ಪುತ್ತೆ." ನಿದ್ದೆಯಲ್ಲೂ ಇದನ್ನೇ ಹೇಳುತ್ತಾರೆಂದು ಅಣ್ಣನ ದೂರು. ಒಮ್ಮೆ ನಾನು ಅಡುಗೆಮನೆಯಿಂದ ಅದೇ ದನಿಯಲ್ಲಿ ಹಾಗೆ ಅಂದಿದ್ದಕ್ಕೆ ಅವನು ಪೇಪರಿನಿಂದ ಕಣ್ಣೆತ್ತದೆ ಜೇಬಿಗೆ ಕೈ ಹಾಕಿದ್ದ.

ಈ ವರ್ಷ ದೋಣಿಯ ಮೇಲೆ ಟಿಕೆಟ್ ನೋಡುವವರ ಜಾಗ ಖಾಲಿಯಾಯಿತು. ಗಾಳಿಗೆ ಮುಖ ಕೊಟ್ಟು ನಿಂತು ಮಾಡುವ ಕೆಲಸ. ಅತ್ತಿಗೆ ಎಂದೂ ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ, ಇದನ್ನು ಕೇಳಿದರು. ಆದರೆ ದೋಣಿ ಕೆಲಸಕ್ಕೆ ಒಂದು ನಿಯಮವಿತ್ತು. ಏನನ್ನೂ ಹಿಡಿಯದೆ, ಕ್ಯಾಪ್ಟನ್ "ಸಾಕು" ಅನ್ನುವವರೆಗೆ ನೀರಿನ ಮೇಲೆ ತೇಲಿ ತೋರಿಸಬೇಕು.

ಮೊದಲ ಪರೀಕ್ಷೆಯ ದಿನ ದೋಣಿಯವರೆಲ್ಲ ದೋಣಿ ಕಟ್ಟುವ ಧಕ್ಕೆಯ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಯಾರೋ ಸಿಳ್ಳೆ ಹಾಕಿದರು. ಅತ್ತಿಗೆಯ ಮೈ ಸೆಟೆದುಕೊಂಡಿತು, ಸೀದಾ ತಳ ಸೇರಿದರು. ಕೊಕ್ಕೆಗೋಲಿನಿಂದ ಎಳೆಯಬೇಕಾಯಿತು. ಅಂದಿನಿಂದ ಬಂದರಿನಲ್ಲಿ ಅವರ ಹೆಸರು 'ಸಬ್‌ಮರೀನ್'. ಅಣ್ಣ ಸಮಾಧಾನ ಮಾಡಲು ಹೋಗಿ, ಬಾಯಿ ಅಭ್ಯಾಸಕ್ಕೆ, "ಈಗೇನು ಮುಳುಗಿಹೋಯ್ತು ಬಿಡು" ಅಂದ. ಒಂದು ವಾರ ಮನೆಯಲ್ಲಿ ಅವನ ಜೊತೆ ಯಾರೂ ಮಾತಾಡಲಿಲ್ಲ.

ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಕೈತಪ್ಪಿದರೆ ಕೆಲಸ ಪಾರ್ಸೆಲ್ ಗುಮಾಸ್ತನಿಗೆ. ಅತ್ತಿಗೆಗೆ ನಿವೃತ್ತಿಯವರೆಗೂ ಅದೇ ಕಿಂಡಿ.

ನಾನು ಕಾಲೇಜಿನಲ್ಲಿ ಕಲಿತದ್ದರಲ್ಲಿ ಉಪಯೋಗಕ್ಕೆ ಬಂದದ್ದು ಈಜು ಒಂದೇ. ಹಾಗಾಗಿ ಕಲಿಸುವ ಭಾರ ನನ್ನ ಮೇಲೆ ಬಿತ್ತು. ನಮ್ಮೂರಿನ ದಡದಲ್ಲಿ ಸಾಧ್ಯವಿರಲಿಲ್ಲ. ಅಲ್ಲಿ ಇಬ್ಬರಲ್ಲಿ ಒಬ್ಬರು ಪರಿಚಯದವರು. ಅತ್ತಿಗೆಗೆ ಹೆದರಿಕೆ ನೀರಿನದ್ದಲ್ಲ, ಕಣ್ಣಿನದ್ದು. ಒಬ್ಬರು ನೋಡಿದರೂ ಸಾಕು, ಮೈ ಮರವಾಗುತ್ತದೆ. ಮರವಾದರೂ ತೇಲಬೇಕಿತ್ತಲ್ಲ, ಅದೂ ಇಲ್ಲ. ಕಣ್ಣಿಲ್ಲದ ದಡ ಹುಡುಕಿಕೊಂಡು ಭಾನುವಾರ ಭಾನುವಾರ ಲೋಕಲ್ ಬಸ್ ಹತ್ತತೊಡಗಿದೆವು. ಒಂದು ಅಲೆಗಾಗಿ ಅಷ್ಟು ಅಲೆದವರು ಇನ್ನೊಬ್ಬರಿರಲಾರರು.

ಮೊದಲು ಹೋದ ಊರಿನಲ್ಲಿ ದೀಪಸ್ತಂಭವಿತ್ತು, ಒಂದು ಬೇಕರಿಯಿತ್ತು, ಕಡಲ ದಂಡೆ ಖಾಲಿಯಿತ್ತು. ಅತ್ತಿಗೆ ಸೊಂಟದವರೆಗೆ ಇಳಿದ ಮೇಲೆ ಕವುಚಿ ಹಾಕಿದ ದೋಣಿಯ ಹಿಂದಿನಿಂದ ಬಲೆ ಹೊಲಿಯುವವನೊಬ್ಬ ಎದ್ದು ನಿಂತು, ಕೈ ಹೀಗಿಡಿ, ಉಸಿರು ಹಾಗೆ ಬಿಡಿ ಎಂದು ರೇಡಿಯೋದ ಹಾಗೆ ಶುರುಮಾಡಿದ. ವಾಪಸ್ಸು ಬಂದೆವು. ಮುಂದಿನ ಊರು ಇನ್ನೂ ಚಿಕ್ಕದು, ತೀರ ತೀರಾ ಚಿಕ್ಕದು. ಅಂಗಡಿಗಳೆಲ್ಲ ಮುಚ್ಚಿದ್ದವು, ಕ್ಷೌರದವನು ತನ್ನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಅಲ್ಲಿಯ ಬಂಡೆಯ ಮರೆಯಲ್ಲಿ ಪ್ರೇಮಿಗಳಿಬ್ಬರು ಕೂತಿದ್ದರು. ಅವರೂ ನಮ್ಮ ಹಾಗೆಯೇ ಯಾರೂ ನೋಡದ ಜಾಗ ಹುಡುಕಿ ಬಂದವರು. ನಾವು ಅವರನ್ನು ದುರುಗುಟ್ಟಿದೆವು, ಅವರು ನಮ್ಮನ್ನು ದುರುಗುಟ್ಟಿದರು. ಮೊದಲು ಬಂದವರು ಅವರಾದ್ದರಿಂದ ನಾವೇ ಬಿಟ್ಟುಕೊಟ್ಟೆವು.

ಕೊನೆಗೊಂದು ಊರಿನ ಕೊಲ್ಲಿಯಲ್ಲಿ ಅತ್ತಿಗೆ ತೇಲಿದರು. ತೇಲಿದರಂತೆ. ನಾನು ನೋಡಲಿಲ್ಲ, ನೋಡಲು ಬಿಡಲಿಲ್ಲ. ನೀರಿಗಿಳಿದ ಕೂಡಲೆ "ತಿರುಗು ಆ ಕಡೆ" ಅನ್ನುತ್ತಿದ್ದರು. ನಾನು ರಸ್ತೆ ನೋಡುತ್ತ ನಿಲ್ಲುತ್ತಿದ್ದೆ, ಹಿಂದಿನಿಂದ "ತೇಲ್ತಾ ಇದ್ದೀನಿ ಕಣೇ" ಎಂಬ ವರದಿ ಬರುತ್ತಿತ್ತು. ತಿರುಗಿದರೆ ಗುಳುಗುಳು ಸದ್ದು ಮಾತ್ರ. ಸೋಮವಾರ ಪರೀಕ್ಷೆ ಎನ್ನುವಾಗಲೂ ಅವರು ತೇಲಿದ್ದಕ್ಕೆ ಸಾಕ್ಷಿ ಅವರೊಬ್ಬರೇ.

ಪರೀಕ್ಷೆಯ ಹಿಂದಿನ ಭಾನುವಾರ, ಇದ್ದ ದಾರಿಯೆಲ್ಲ ಮುಗಿಯುವ ಊರಿಗೆ ಹೊರಟೆವು. ಕಂಡಕ್ಟರಿಗೆ ಮೂಗಿನಲ್ಲೇ ಮಾತು; ಸ್ಟಾಪಿನ ಹೆಸರುಗಳೆಲ್ಲ ಶೀತವಾದಂತೆ ಹೊರಬರುತ್ತಿದ್ದವು. ಎರಡು ಸ್ಟಾಪು ಕಳೆಯುವುದರೊಳಗೆ ನನಗೆ ಆ ದನಿ ಬಾಯಿಪಾಠವಾಗಿ ಹೊರಗೂ ಬಂದು, ಅತ್ತಿಗೆ ನನ್ನ ತೊಡೆ ಚಿವುಟಿದ್ದರು. ಅವನು ಹತ್ತಿರ ಬಂದಾಗ ಅತ್ತಿಗೆ ಯೋಚನೆಯೇ ಇಲ್ಲದೆ, "ಎರಡು, ಹೋಗಿ ಬರೋದಕ್ಕೆ" ಅಂದರು. ಅವನು ಅವರ ಮುಖ ನೋಡಿದ. ಕೊನೆಯ ಸ್ಟಾಪಿಗಾ, ಎರಡೂ ಕಡೆಗಾ ಎಂದು ಮತ್ತೆ ಕೇಳಿದ. ಹೌದು ಅಂದರು. ಹರಿದು ಕೊಟ್ಟ.

ಆ ದಾರಿಯ ಪದ್ಧತಿ ನಮಗೇನು ಗೊತ್ತು. ಅಲ್ಲಿ ಹೋಗಿ ಬರುವ ಟಿಕೆಟ್ ಕೊಟ್ಟರೆ ಮಾತು ಕೊಟ್ಟ ಹಾಗೆ. ಅದೇ ಬಸ್ಸು ಅದನ್ನು ಕೊಂಡವರನ್ನು ಕರೆದುಕೊಂಡೇ ವಾಪಸ್ಸು ಹೊರಡಬೇಕು. ಅಂಚೆ ಕಚೇರಿಗೋ ದರ್ಜಿಯ ಹತ್ತಿರವೋ ಬಂದು ಹತ್ತು ನಿಮಿಷದಲ್ಲಿ ಮರಳುವವರು ಮಾತ್ರ ಅದನ್ನು ಕೊಳ್ಳುತ್ತಿದ್ದರು. ಅತ್ತಿಗೆಯ ದೋಣಿಯಲ್ಲಾದರೆ ಆ ಚೀಟಿ ಸಂಜೆಯವರೆಗೆ ಯಾವ ಟ್ರಿಪ್ಪಿಗೂ ನಡೆಯುತ್ತದೆ. ಇಲ್ಲೂ ಹಾಗೇ ಅಂದುಕೊಂಡು ನಾವು ಆರಾಮವಾಗಿ ಇಳಿದೆವು.

ಊರೆಂದರೆ ಒಂದೇ ಬೀದಿ. ಹಂಚಿನ ಅಂಚೆ ಕಚೇರಿ, ಬಾಗಿಲಿಗೆ ಮಿಷನ್ ಎಳೆದುಕೊಂಡು ಹೊಲಿಯುತ್ತಿದ್ದ ದರ್ಜಿ, ಉಪ್ಪುಗಾಳಿಗೆ ಬಣ್ಣ ಎದ್ದ ಕಿಟಕಿಗಳು. ಬೀದಿ ಮರಳಿಗೆ ಮುಟ್ಟಿ ಮುಗಿಯುತ್ತಿತ್ತು. ಆಚೆ ಕಡಲು, ಒಂದು ನರಪಿಳ್ಳೆಯೂ ಇಲ್ಲ. ಬ್ರೆಡ್ಡು ಮೊಟ್ಟೆ ತಿಂದು, ಒಂದಿಷ್ಟು ಹೊತ್ತು ಒರಗಿ, ಅತ್ತಿಗೆ ನೀರಿಗಿಳಿದರು.

"ಇವತ್ತಾದ್ರೂ ನಾನು ನೋಡ್ತೀನಿ ಅತ್ತಿಗೆ. ನಾಳೆ ಅಷ್ಟು ಜನ ನೋಡೋರಿದ್ದಾರೆ."

"ನಾಳೆದು ನಾಳೆಗೆ. ತಿರುಗು ಆ ಕಡೆ."

ತಿರುಗಿದೆ. ತಿರುಗಿದ್ದಕ್ಕೇ ಬೀದಿ ಕಾಣಿಸಿತು. ಬೀದಿಯಲ್ಲಿ ಕಂಡಕ್ಟರ್ ಬರುತ್ತಿದ್ದ. ಅವನ ಹಿಂದೆ ಗರಗಸ ಹಿಡಿದ ಬಡಗಿ, ಕೇಕಿನ ಪೆಟ್ಟಿಗೆಯನ್ನು ಎದೆಗೆ ಆನಿಸಿಕೊಂಡ ಹೆಂಗಸು, ಕೋಟು ಹಾಕಿದ ಅಜ್ಜ, ಇನ್ನೂ ಒಂದಷ್ಟು ಮಂದಿ. ಕೊನೆಯಲ್ಲಿ ಕೀಲಿ ತಿರುಗಿಸುತ್ತ ಡ್ರೈವರ್. ಇಡೀ ಬಸ್ಸು ನಡೆದು ಬರುತ್ತಿತ್ತು. ನಾನು ಎರಡೂ ಕೈ ಬೀಸಿ ಹೋಗಿ ಹೋಗಿ ಎಂದು ಸನ್ನೆ ಮಾಡಿದೆ. ಅವರು ಬನ್ನಿ ಬನ್ನಿ ಎಂದು ತಿಳಿದು ಹೆಜ್ಜೆ ಜೋರುಮಾಡಿದರು.

"ಎರಡು ರಿಟರ್ನು ನೀವೇ ತಾನೇ?" ಕಂಡಕ್ಟರ್ ಮೂಗಿನಲ್ಲಿ ಕೇಳಿದ. "ನಿಮ್ಮನ್ನ ಬಿಟ್ಟು ಗಾಡಿ ತೆಗೆಯೋ ಹಾಗಿಲ್ಲ. ಆಗಿಂದ ಹಾರ್ನ್ ಹೊಡೀತಾ ಇದ್ದೀವಿ."

ಕೇಕಿನ ಹೆಂಗಸು, ಕ್ರೀಮ್ ಕರಗುತ್ತಿದೆ, ಮಗಳು ಕಾಯುತ್ತಿದ್ದಾಳೆ ಅಂದಳು. ಅಜ್ಜ, ಈಗಿನವರಿಗೆ ಸಮಯದ ಬೆಲೆ ಗೊತ್ತಿಲ್ಲ ಎಂದು ಶುರುಮಾಡಿದ. ಬಡಗಿ ನನ್ನ ಭುಜದಾಚೆ ಇಣುಕಿ, "ಅಲ್ಲೊಬ್ಬರು ಇದ್ದಾರೆ ನೋಡಿ" ಅಂದ. ಎಲ್ಲ ಕಣ್ಣೂ ಆ ಕಡೆ ಹೋದವು. ನಾನೂ ತಿರುಗಿದೆ.

ಅತ್ತಿಗೆ ಕಾಲೂರಿ ಎದ್ದು ನಿಂತಿದ್ದರು, ಕತ್ತಿನವರೆಗೆ ನೀರು. ದಡದುದ್ದಕ್ಕೂ ಜನ, ಧಕ್ಕೆಯ ಗೋಡೆಯೇ ಎದ್ದು ಬಂದಿದೆ ಅನ್ನಿಸಿರಬೇಕು. ನಾಳೆಯ ಕಥೆ ಇಂದೇ ಮುಗಿಯಿತು ಅಂದುಕೊಂಡೆ. ಇನ್ನು ಇವರನ್ನು ಯಾವ ನೀರಿಗೂ ಇಳಿಸಲಾಗದು.

ಅಷ್ಟರಲ್ಲಿ ಗಲಾಟೆ ಹೆಚ್ಚಾಯಿತು. ತಮಗೆ ಅರ್ಜೆಂಟು ಎಂದು ಒಬ್ಬರು, ತಮಗೆ ಅದಕ್ಕಿಂತ ಅರ್ಜೆಂಟು ಎಂದು ಇನ್ನೊಬ್ಬರು, ಯಾಕಮ್ಮಾ ತಡ ಎಂದು ಮತ್ತೊಬ್ಬರು. ಒಬ್ಬರನ್ನೊಬ್ಬರು ತಳ್ಳಿಕೊಂಡು ನೀರಿನ ಅಂಚಿಗೆ ಬಂದರು. ಅವರನ್ನು ನೋಡುತ್ತಿದ್ದ ಅತ್ತಿಗೆ ಗದ್ದ ಮೇಲೆತ್ತಿದರು. ಕೈಯಲ್ಲಿ ಚೀಟಿ, ಬಾಯಲ್ಲಿ ಅವಸರ, ಮೊಣಕೈಯಲ್ಲಿ ಜಗಳ ಇಟ್ಟುಕೊಂಡ ಇಂಥ ಗುಂಪನ್ನು ಅವರು ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದಾರೆ. ಇವರು ಪರೀಕ್ಷೆ ಮಾಡಲು ಬಂದವರಲ್ಲ. ಇದು ಕ್ಯೂ.

"ಸಾಲಾಗಿ ನಿಲ್ಲಿ," ಅಂದರು ಅತ್ತಿಗೆ.

ಕಿಂಡಿಯ ದನಿ. ಅಜ್ಜ ಮಾತು ನಿಲ್ಲಿಸಿದ.

"ತಳ್ಳಬೇಡಿ. ಒಬ್ಬರ ಹಿಂದೆ ಒಬ್ಬರು. ನನ್ನದು ಮುಗಿದ ಮೇಲೆ ಬಸ್ಸು ಹೊರಡುತ್ತೆ, ಅಲ್ಲೀವರೆಗೆ ಕಾಯಬೇಕು."

ನಿಂತರು ನೋಡಿ. ಕಂಡಕ್ಟರ್ ಮುಂದೆ, ಬಡಗಿ ಹಿಂದೆ, ಕೇಕಿನ ಪೆಟ್ಟಿಗೆಗೆ ಅಜ್ಜನ ಕೋಟಿನ ನೆರಳು. ಡ್ರೈವರ್ ಸಾಲಿನ ಬಾಲದಲ್ಲಿ ನಿಂತು, ಬಾಯಿಗಿಡಲು ಹೋದ ಸಿಗರೇಟನ್ನು ತಾನಾಗಿಯೇ ಜೇಬಿಗೆ ಹಾಕಿದ. ಯಾತಕ್ಕೆ ನಿಂತಿದ್ದೇವೆಂದು ಒಬ್ಬರೂ ಕೇಳಲಿಲ್ಲ. ಸಾಲು ಅಂದಮೇಲೆ ನಿಲ್ಲುವುದು. ನನಗೆ ಆ ಕಡೆ ತಿರುಗು ಎಂದು ಅತ್ತಿಗೆ ಹೇಳಲಿಲ್ಲ. ಎಲ್ಲರನ್ನೂ ಒಮ್ಮೆ ನೋಡಿ, ಹಾಸಿಗೆಗೆ ಒರಗುವವರಂತೆ ಹಿಂದಕ್ಕೆ ಬಾಗಿ, ಕಾಲು ಬಿಟ್ಟರು.

ತೇಲಿದರು. ಹೊಟ್ಟೆ, ಹೆಬ್ಬೆರಳು, ಗದ್ದ ಎಲ್ಲವೂ ನೀರಿನ ಮೇಲೆ, ಅಲೆ ಬಂದರೆ ಏರುತ್ತ, ಹೋದರೆ ಇಳಿಯುತ್ತ. ಅಷ್ಟು ಭಾನುವಾರಗಳ ಮೇಲೆ ನಾನು ನೋಡಿದ್ದು ಅದೇ ಮೊದಲು. ಸಾಲಿನಲ್ಲಿದ್ದವರು ಯಾಕೋ ಒಬ್ಬೊಬ್ಬರಾಗಿ ಚಪ್ಪಾಳೆ ತಟ್ಟಿದರು. ಅತ್ತಿಗೆ ಮುಳುಗಲಿಲ್ಲ. ಬಸ್ಸಿನಲ್ಲಿ ಕಾರಣ ತಿಳಿದ ಮೇಲೆ ಕೇಕಿನ ಹೆಂಗಸು ಕ್ರೀಮ್ ಹೇಗೂ ಒಂದು ಬದಿಗೆ ಜಾರಿತ್ತು ಎಂದು ಆ ಬದಿಯನ್ನು ನಮಗೆ ಕತ್ತರಿಸಿ ಕೊಟ್ಟಳು. ಬಡಗಿಯ ಗರಗಸದಿಂದ ಅಲ್ಲ, ಅದನ್ನೂ ಯಾರೋ ಸೂಚಿಸಿದ್ದರು.

ಸೋಮವಾರ ದೋಣಿಯವರೆಲ್ಲ ಗೋಡೆಯ ಮೇಲೆ ಹಾಜರಿದ್ದರು. ಸಬ್‌ಮರೀನ್ ಬಂತು ಎಂದು ಒಬ್ಬ ಅಂದ. ಅತ್ತಿಗೆ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ, ತಲೆ ಎಣಿಸುವವರಂತೆ ನಿಧಾನವಾಗಿ ನೋಡಿದರು. ಅಂದವನು ಕಾಲು ಮೇಲಕ್ಕೆಳೆದುಕೊಂಡ. ಅವರು ನೀರಿಗಿಳಿದು ಒರಗಿದರು.

ಸಿಳ್ಳೆ ಬಿತ್ತು. ತೇಲುತ್ತಿದ್ದರು. ಪಕ್ಕದಲ್ಲಿ ದೋಣಿಯೊಂದು ಹಾದು ನೀರೆಲ್ಲ ಕಲಕಿತು. ತೇಲುತ್ತಲೇ ಇದ್ದರು. ಕ್ಯಾಪ್ಟನ್ ಕೆಮ್ಮಿ, ಸಾಕಮ್ಮ, ಆಯಿತು, ಮೇಲೆ ಬನ್ನಿ ಅಂದರು.

ಅತ್ತಿಗೆ ಆಕಾಶದಿಂದ ಕಣ್ಣು ತೆಗೆಯಲಿಲ್ಲ. "ಸ್ವಲ್ಪ ಇರಿ ಸಾರ್, ಈಗ ತಾನೇ ಹಿತ ಆಗ್ತಾ ಇದೆ."

ಗೋಡೆಯುದ್ದಕ್ಕೂ ನಗು ಎದ್ದಿತು. ಈ ಸಲ ಅದು ಹೋದದ್ದು ಕ್ಯಾಪ್ಟನ್ ಕಡೆಗೆ. ಅವರೂ ನಕ್ಕು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಾದರು. ಅತ್ತಿಗೆ ತಮಗೆ ಸಾಕೆನಿಸಿದಾಗ ಎದ್ದು, ನೀರು ಸುರಿಸಿಕೊಂಡು ಮೆಟ್ಟಿಲು ಹತ್ತಿದರು. ಮೇಲೆ ಮೊದಲು ಕೈ ಚಾಚಿದವನು ಪಾರ್ಸೆಲ್ ಗುಮಾಸ್ತ. ತನ್ನ ಸರದಿಗೆಂದು ತಂದಿದ್ದ ಟವೆಲನ್ನು ಬಿಚ್ಚಿ ಅವರ ಹೆಗಲ ಮೇಲೆ ಹೊದಿಸಿದ.