ಸೋದರತ್ತೆಯ ಮಣ್ಣು

ಹತ್ತು ಗಂಟೆಗೆ ಇನೋಕೆ ಹವೇಆ ರಾಜಧಾನಿ ನುಕುಅಲೋಫದ ಸಂಸತ್ತಿನಲ್ಲಿ ಎದ್ದು ನಿಂತು, ಒಬ್ಬ ಮಂತ್ರಿಯ ಮೇಲೆ ತನಿಖೆ ಆಗಲೇಬೇಕೆಂದು ಕೇಳಬೇಕಿತ್ತು. ಒಂಬತ್ತು ಗಂಟೆಗೆ ಅವನು ಹಳ್ಳಿಯಲ್ಲಿ, ಸಾವಿನ ಮನೆಯ ಹಿತ್ತಲಲ್ಲಿ, ಕೆಂಡದ ಮೇಲಿನ ಹಂದಿಯನ್ನು ತಿರುಗಿಸುತ್ತ ಕೂತಿದ್ದ.

ಸತ್ತವಳು ಅವನ ತಂದೆಯ ಅಕ್ಕ, ಮೆಲೆನೈತೆ. ಸೋದರತ್ತೆಯ ಸಾವಿನಲ್ಲಿ ತಮ್ಮಂದಿರ ಮಕ್ಕಳ ಜಾಗ ಒಲೆಯ ಬಳಿ. ಎದೆಯವರೆಗೆ ಹರಕು ಚಾಪೆ ಸುತ್ತಿ, ತಲೆ ಬಾಚದೆ, ಮನೆಯೊಳಕ್ಕೆ ಕಾಲಿಡದೆ, ಬಂದವರಿಗೆಲ್ಲ ಬೇಯಿಸಿ ಹಾಕಬೇಕು. ಪಾದ್ರಿಯಾದರೂ ಅಷ್ಟೆ, ಸಂಸತ್ ಸದಸ್ಯನಾದರೂ ಅಷ್ಟೆ. ಬಿಡುಗಡೆ ಕೊಡುವ ಅಧಿಕಾರ ಇಡೀ ದ್ವೀಪದಲ್ಲಿ ಒಬ್ಬಳದೇ: ಹೆಣದ ತಲೆದೆಸೆಯಲ್ಲಿ ಕೂತಿದ್ದ ಲವಿನಿಯಾ. ಸತ್ತವಳ ಸೋದರತ್ತೆಯ ಮಗಳು, ಹಾಗಾಗಿ ಈ ಮಣ್ಣಿಗೆ ಅವಳೇ ಫಹು, ಅವಳ ಮಾತೇ ಕೊನೆ. ಎಂಬತ್ತೊಂದರ ವಯಸ್ಸು. ಬೇಕಾದಾಗ ಕಿವಿ ಕೇಳುತ್ತಿತ್ತು.

“ಆಡಿಟರಣ್ಣಾ, ಕೈ ನಿಲ್ಲಿಸ್ಬೇಡ,” ಎಂದ ಚಿಕ್ಕಪ್ಪನ ಮಗ ಮೋಸೆಸೆ. “ಒಂದು ಪಕ್ಕ ಸೀದ್ಹೋದ್ರೆ ಅತ್ತೆ ಪೆಟ್ಟಿಗೆಯಿಂದ ಎದ್ದು ಬಂದು ಬೈತಾಳೆ.”

“ಸಂಸತ್ತಲ್ಲೂ ಹೀಗೇನಾ ಅಣ್ಣ? ಬರೀ ತಿರುಗಿಸೋದೇನಾ?” ಎಂದಿತು ಇನ್ನೊಂದು ದನಿ. ಎಲ್ಲರೂ ನಕ್ಕರು. ಸಾವಿನ ಮನೆಯ ಹಿತ್ತಲಲ್ಲಿ ನಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಮೋಸೆಸೆಯ ಮನೆಯ ಚಾವಣಿ ನಾಲ್ಕು ವರ್ಷದ ಹಿಂದಿನ ಚಂಡಮಾರುತಕ್ಕೆ ಹಾರಿಹೋಗಿ, ಸಂಸಾರ ಇನ್ನೂ ಟಾರ್ಪಾಲಿನ ಕೆಳಗಿತ್ತು. ಹಾಗೆಯೇ ಅರವತ್ತು ಮನೆ. ಅವರಿಗೆಂದು ಹಡಗಿನಲ್ಲಿ ಬಂದ ತಗಡು, ಮರ ಎಲ್ಲ ಮಂತ್ರಿಯ ಬಾಮೈದನ ಅತಿಥಿಗೃಹವಾಗಿ ಎದ್ದು ನಿಂತಿದ್ದವು, ಸಮುದ್ರದ ಕಡೆ ಮುಖ ಮಾಡಿ. ಆಗ ಸರ್ಕಾರಿ ಲೆಕ್ಕಿಗನಾಗಿದ್ದ ಇನೋಕೆ ಅದನ್ನು ಹಿಡಿದು ವರದಿ ಬರೆದ. ವರದಿ ಮೇಲಧಿಕಾರಿಯ ಮೇಜಿನ ಖಾನೆ ಸೇರಿತು. ಹದಿನೆಂಟು ವರ್ಷದ ನೌಕರಿ ಬಿಟ್ಟು, ಅದೇ ವರದಿಯನ್ನು ಗಟ್ಟಿಯಾಗಿ ಓದಬಹುದಾದ ಒಂದೇ ಜಾಗಕ್ಕೆ ಚುನಾವಣೆಗೆ ನಿಂತ, ಗೆದ್ದ. ಇವತ್ತು ಆ ಓದುವ ದಿನ. ತನಿಖೆಯ ಸೂಚನೆಗೆ ಸಹಿ ಹಾಕಿದವನೇ ಎದ್ದು ಅದನ್ನು ಮಂಡಿಸಬೇಕು. ತಪ್ಪಿದರೆ ಈ ಸಂಸತ್ತಿನ ಅವಧಿ ಮುಗಿಯುವವರೆಗೆ ಮತ್ತೆ ತರುವ ಹಾಗಿಲ್ಲ.

ಮುಂದೂಡಿ ಎಂದು ಕೇಳಬಹುದಿತ್ತು, ಮೊದಲಾಗಿದ್ದರೆ. ಸಭೆ ಸೇರಿದ ಮೊದಲ ವರ್ಷವೇ ಇನೋಕೆ ಲೆಕ್ಕಿಗನ ಚಟದಿಂದ ಎಣಿಸಿದ್ದ: ಯಾರದೋ ಅಜ್ಜಿ, ಯಾರದೋ ಮಾವ ಎಂದು ಮಣ್ಣಿಗಾಗಿ ಸಂಸತ್ತು ಮುಚ್ಚಿದ ದಿನಗಳು ಇಪ್ಪತ್ಮೂರು. ಸದಸ್ಯರ ಬಂಧುಗಳ ಸಾವಿಗೆ ಕಲಾಪ ನಿಲ್ಲಬಾರದೆಂಬ ನಿಯಮ ತಂದವನು ಅವನೇ. ಮೇಜು ತಟ್ಟಿ ಒಪ್ಪಿದರು. ಪತ್ರಿಕೆಯಲ್ಲಿ ಫೋಟೊ ಬಂತು.

ಒಂಬತ್ತೂ ಹತ್ತಕ್ಕೆ ಅವನು ಹೆಂಡತಿ ಅನಸೇನಿಯನ್ನು ಕರೆದ. ಸೊಸೆಯಾಗಿ ಬಂದವಳು, ಒಳಗೆ ಓಡಾಡಬಹುದಿತ್ತು.

“ಲವಿನಿಯಾ ಅತ್ತೆಗೆ ಹೇಳು, ಎರಡೇ ಗಂಟೆ ಬಿಡ್ಲಿ ಅಂತ. ಮಣ್ಣಿಗೆ ಮುಂಚೆ ಬಂದ್ಬಿಡ್ತೀನಿ ಅಂತ.”

“ಅರವತ್ತು ಮನೆ ವಿಷಯ ಅಂತಲೂ ಹೇಳ್ಲಾ?”

“ಹೇಳು. ಆದ್ರೆ ಮೆಲ್ಲಗೆ.”

ಒಳಗೆ ಹೆಂಗಸರು ಸ್ತೋತ್ರ ಹಾಡುತ್ತಿದ್ದರು. ಅನಸೇನಿ ಮರಳಿದಾಗ ಒಂಬತ್ತೂ ಇಪ್ಪತ್ತೈದು.

“ಏನಂದ್ರು?”

“ಪೂರ್ತಿ ಕೇಳಿಸ್ಕೊಂಡ್ರು. ಪಾಪ, ಮೆಲೆನೈತೆಗೆ ಅವನಂದ್ರೆ ಪ್ರಾಣ ಅಂದ್ರು. ಆಮೇಲೆ...”

“ಆಮೇಲೆ?”

“‘ಅವನಿಷ್ಟ’ ಅಂದ್ರು.”

ಬೇಡ ಎಂದಿದ್ದರೆ ಇನೋಕೆ ಇನ್ನೊಮ್ಮೆ ಕೇಳಿಸಬಹುದಿತ್ತು, ಪಾದ್ರಿಯಿಂದ ಹೇಳಿಸಬಹುದಿತ್ತು. ಹೋಗು ಎಂದಿದ್ದರೆ ಹೋಗಬಹುದಿತ್ತು. ಅವನಿಷ್ಟ ಎಂಬುದರ ವಿರುದ್ಧ ಯಾವ ಸಂಸತ್ತಿನಲ್ಲೂ ಮೇಲ್ಮನವಿ ಇಲ್ಲ.

“ಹೋಗಣ್ಣ,” ಎಂದ ಮೋಸೆಸೆ, ಟ್ರಕ್ಕಿನ ಕೀಲಿ ಚಾಚಿ. “ಅರ್ಧ ಗಂಟೆ ದಾರಿ. ಹಂದೀನ ನಾವು ನೋಡ್ಕೋತೀವಿ.”

“ಹೌದು, ಹೌದು. ಓದಿದೋರಿಗೆ ಸಾವಿರ ಕೆಲಸ,” ಎಂದ ಸಿಪ್ಪೆ ಸುಲಿಯುತ್ತಿದ್ದ ಮುದುಕನೊಬ್ಬ, ಗೆಣಸಿಗೆ ಹೇಳುವಂತೆ.

ಇನೋಕೆ ಕೀಲಿ ತೆಗೆದುಕೊಂಡು ಟ್ರಕ್ಕಿನವರೆಗೆ ನಡೆದ. ಬಾಗಿಲು ತೆರೆದ. ಚಾಪೆ ಸುತ್ತಿಕೊಂಡು ಕೂರಲಾಗದು, ಬಿಚ್ಚಬೇಕು. ಸೊಂಟದ ಹಗ್ಗಕ್ಕೆ ಕೈ ಹಾಕಿದ. ಹಿತ್ತಲಲ್ಲಿ ಮೂವತ್ತು ಜನ ಇದ್ದರು, ಒಬ್ಬನೂ ಅವನತ್ತ ನೋಡುತ್ತಿರಲಿಲ್ಲ. ಮೂವತ್ತು ಜನರೂ ಅಷ್ಟು ಶ್ರದ್ಧೆಯಿಂದ ಬೆಂಕಿ ನೋಡಿದ್ದನ್ನು ಅವನು ಹುಟ್ಟಿದಮೇಲೆ ಕಂಡಿರಲಿಲ್ಲ. ಚಿಕ್ಕವನಿದ್ದಾಗ ಅತ್ತೆ ಬಂದಳೆಂದರೆ ಅಪ್ಪ ಕುರ್ಚಿ ಬಿಟ್ಟು ನೆಲಕ್ಕೆ ಇಳಿಯುತ್ತಿದ್ದುದು ನೆನಪಾಯಿತು, ಬೇಡವೆಂದರೂ ನೆನಪಾಯಿತು.

ಗಂಟು ಬಿಗಿಯಾಗೇನೂ ಇರಲಿಲ್ಲ. ಬೆರಳುಗಳು ಬಿಚ್ಚಲಿಲ್ಲ.

ಅವನು ಹಾಗೆಯೇ ನಿಂತಿದ್ದಂತೆ ಹತ್ತು ಗಂಟೆಯಾಯಿತು, ಯಾರೋ ರೇಡಿಯೊ ಹಾಕಿದರು. ಸಂಸತ್ತಿನ ಪ್ರಾರ್ಥನೆ ಮುಗಿಯಿತು. ಸಭಾಧ್ಯಕ್ಷರು ಕೆಮ್ಮಿದರು.

“ಮಾನ್ಯ ಸದಸ್ಯ ಇನೋಕೆ ಹವೇಆ.”

“ಅಣ್ಣ, ನಿನ್ನನ್ನೇ ಕರೀತಿದಾರೆ!” ಎಂದ ಮೋಸೆಸೆ, ಹೆಮ್ಮೆಯಿಂದಲೇ.

“ಮಾನ್ಯ ಸದಸ್ಯ ಇನೋಕೆ ಹವೇಆ.”

ಇನೋಕೆ ಬಾಯಿ ತೆರೆದ. ಉತ್ತರ ಕೊಡುವವನಂತೆ.

ಮೂರನೆಯ ಸಲ ಕರೆದು, ಸ್ವಲ್ಪ ಕಾದು, ಸಭಾಧ್ಯಕ್ಷರು ಸೂಚನೆ ಬಿದ್ದುಹೋಯಿತೆಂದರು. ಮಂತ್ರಿಯವರು ಎದ್ದು, ಮಾನ್ಯ ಸದಸ್ಯರ ದುಃಖದಲ್ಲಿ ತಾವೂ ಭಾಗಿಗಳೆಂದು ಹೇಳಿದರು. ದನಿ ನಿಜಕ್ಕೂ ನಡುಗುತ್ತಿತ್ತು.

ಇನೋಕೆ ಹಿಂದಕ್ಕೆ ಬಂದು ಹಂದಿಯ ಬಳಿ ಕೂತ. ಮುದುಕ ಅವನಿಗೆ ಜಾಗ ಬಿಟ್ಟುಕೊಟ್ಟ. ಮೋಸೆಸೆ ಕಣ್ಣೊರೆಸಿಕೊಂಡು ಅವನ ಹೆಗಲು ಹಿಡಿದ.

“ನಮ್ಮಣ್ಣ ಅಂದ್ರೆ ಇದು! ಮುಂದಿನ ಸಲ ಈ ಊರಿನ ಒಂದು ವೋಟೂ ಆಚೆ ಹೋಗಲ್ಲ, ಬರೆದಿಟ್ಕೋ. ಸಾಯೋವರೆಗೂ ನೀನೇ ಎಂಪಿ.” ಕೆಂಡ ಕೆದಕುತ್ತ ಕೇಳಿದ, “ಅಂದ್ಹಾಗೆ ಅಣ್ಣ, ನಮ್ಮ ತಗಡು ಯಾವಾಗ ಬರುತ್ತೆ?”

ಇನೋಕೆ ಹಂದಿಯನ್ನು ಇನ್ನೊಂದು ಸುತ್ತು ತಿರುಗಿಸುತ್ತಿರುವಾಗ ಅನಸೇನಿ ಮನೆಯ ಮೂಲೆಯಿಂದ ಬಂದಳು. ಲವಿನಿಯಾ ಅತ್ತೆ ಹೇಳಿಕಳಿಸಿದ್ದಾರೆ, ಎಂದಳು. ಮಂತ್ರಿಗಳು ಫೋನ್ ಮಾಡಿದ್ದರಂತೆ, ಇವತ್ತಿನ ಕೆಲಸ ಬೇಗ ಮುಗಿಯಿತಂತೆ, ಮಣ್ಣಿಗೆ ಬರುತ್ತಾರಂತೆ. ಹಂದಿಯ ಬೆನ್ನಿನ ಭಾಗ ದೊಡ್ಡವರಿಗೆ ಹೋಗುವಂಥದ್ದು; ಅವರಿಗೆಂದು ತೆಗೆದಿಡಬೇಕಂತೆ.

“ಯಾರು ಕೊಯ್ಯಬೇಕಂತೆ?” ಎಂದು ಕೇಳಿದ ಮುದುಕ.

ಅನಸೇನಿ ಗಂಡನ ಮುಖ ನೋಡಲಿಲ್ಲ. ಇನೋಕೆ ಚಾಕುವಿಗಾಗಿ ಕೈ ಚಾಚಿದ.