ಕೇರಿಗೆ ಬಾರದ ಡಂಗುರ

ಆ ಹುಕುಂ ಸಾರಿದವನೇ ಧೊಂಡಿಬಾ. ಮೆಹಕರದ ದಾರಿಯಲ್ಲಿದ್ದ ಆ ಹಳ್ಳಿಯಲ್ಲಿ ಹಲಗೆ ಬಾರಿಸಿ ಸರಕಾರದ ಮಾತು ಸಾರುವುದು ಅವನ ಮನೆತನದ ಚಾಕರಿ. ಈ ಸಲ ಬೀದರದಿಂದ ಭಾಲ್ಕಿಗೆ, ಭಾಲ್ಕಿಯಿಂದ ಇಲ್ಲಿಗೆ ಬಂದ ಮಾತು ಅವನ ನಾಲಗೆಗೇ ಸಿಹಿಯಾಗಿತ್ತು: ಸರಕಾರಿ ಶಾಲೆಯಲ್ಲಿ ಊರ ಹೊರಗಿನ ಕೇರಿಯ ಮಕ್ಕಳನ್ನು ಇನ್ನು ಅಂಗಳದಲ್ಲಿ ಕೂರಿಸುವಂತಿಲ್ಲ, ಎಲ್ಲರಿಗೂ ಒಂದೇ ಜಮಖಾನ. ಗೌಡರ ಓಣಿ, ಪೇಟೆ, ಮಸೀದಿಯ ಮುಂದೆ, ಎಲ್ಲ ಕಡೆ ಗಂಟಲು ಹರಿಯುವಂತೆ ಕೂಗಿದ.

ಮರುದಿನ ಮಗಳು ಪುತಳಾಳ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕರೆದೊಯ್ದ. ಎರಡು ವರ್ಷ ಬೇವಿನ ಗಿಡದ ಕೆಳಗೆ ಕೂತು, ಒಳಗಿನ ಪಾಠವನ್ನು ಕಿಟಕಿಯಿಂದ ಕದ್ದು ಕಲಿತ ಹುಡುಗಿ ಅದು. ದಿನಾ ಬೆಳಿಗ್ಗೆ ಮಕ್ಕಳಿಂದ ವಚನ ಹೇಳಿಸುವ ಮಾಸ್ತರ ಶಿವರಾಜಪ್ಪ ಹೊಸ್ತಿಲಲ್ಲೇ ಅಡ್ಡ ನಿಂತರು.

"ಹುಕುಂ ಎಲ್ಲಾ ಕಡಿ ಸಾರೀಯೇನೋ?"

"ಸಾರೀನ್ರಿ."

"ನಿಮ್ಮ ಕೇರಿಯಾಗ?"

ಕೇರಿಯಲ್ಲಿ ಡಂಗುರ ಹೊಡೆಯುವ ರೂಢಿಯೇ ಇರಲಿಲ್ಲ. ಹಲಗೆಯವನು ಅಲ್ಲಿಯವನೇ, ಸುದ್ದಿ ಅವನ ಜೊತೆಗೇ ಮನೆ ಸೇರುತ್ತದೆ ಎಂದು ಅಜ್ಜನ ಕಾಲದಿಂದ ಬಿಟ್ಟುಬಿಟ್ಟಿದ್ದರು.

"ಸಾರಲಾರದ ಜಾಗಾದಾಗ ಹುಕುಂ ಜಾರಿ ಆಗಂಗಿಲ್ಲ. ತಪ್ಪು ನಿಂದೇ. ಅಲ್ಲೀತನಕ ಹುಡಿಗಿ ಗಿಡದ ಕೆಳಗ."

"ಈಗೇ ಹೋಗಿ ಸಾರ್ತೇನ್ರಿ!"

"ಚಾವಡಿ ಅಪ್ಪಣಿ ಇಲ್ದ ಸಾರಿದ್ರ ಜೇಲು, ನೆನಪಿಟ್ಕೋ."

ಚಾವಡಿಯ ಗುಮಾಸ್ತ ಮುಜೀಬೋದ್ದೀನ ತಲೆ ಎತ್ತಲಿಲ್ಲ. "ಒಂದು ಹುಕುಂಗ ಒಂದೇ ಡಂಗುರ. ಇನ್ನೊಂದು ಬೇಕಂದ್ರ ಭಾಲ್ಕಿ ತಹಸೀಲದಾರ ಸಾಹೇಬರನ್ನ ಕೇಳು." ಭಾಲ್ಕಿಗೆ ನಡೆದರೆ ಸಾಹೇಬರು ಅಲ್ಲಿರಲಿಲ್ಲ, ಔರಾದಿಗೆ ಹೋಗಿದ್ದರು. ಔರಾದಿಗೆ ನಡೆದರೆ, ನಿನ್ನೆಯೇ ಬೀದರಕ್ಕೆ ಹೋದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಗಳದೇ ಒಂದು ಸಾಲು! ಮೂವತ್ತು ವರ್ಷ ಊರವರ ಬಾಗಿಲಲ್ಲೆಲ್ಲ ಕೂಗಿ, ತನ್ನ ಬಾಗಿಲೊಂದನ್ನೇ ಬಿಟ್ಟ ತನ್ನ ಮೇಲೇ ಅವನಿಗೆ ಹೆಚ್ಚು ಸಿಟ್ಟು.

ಎಂಟನೆಯ ದಿನ ಅಪ್ಪಣೆ ಸಿಗದೆ, ಕಾಲಲ್ಲಿ ಬೊಕ್ಕೆ ಎದ್ದು ಊರಿಗೆ ಮರಳಿದ. ಪುತಳಾ ಗಿಡದ ಕೆಳಗಿದ್ದಳು. ಶಾಲೆಯ ಕಿಟಕಿಯನ್ನೂ ಮುಚ್ಚಿದ್ದರು.

ಧೊಂಡಿಬಾ ಮಗಳನ್ನು ಮನೆಗೆ ಕರೆತಂದ. ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಕೇರಿಯ ನಡುವೆ ನಿಂತು ಬಡಿಯತೊಡಗಿದ. ಕೇರಿಯಲ್ಲಿ ಹಲಗೆ ಕೇಳುತ್ತಿದ್ದುದು ಸಾವಿಗೆ ಮಾತ್ರ. ಯಾರು ಹೋದರೋ ಎಂದು ಮುದುಕಿಯರು ಎದೆ ಹಿಡಿದು ಓಡಿಬಂದರು. ಅವನು ಹುಕುಮನ್ನು ಒಂದಕ್ಷರ ಬಿಡದೆ ಸಾರಿದ.

"ಅಪ್ಪಾ, ನಿನಗ ಜೇಲಿಗಿ ಹಾಕ್ತಾರ," ಎಂದು ಪುತಳಾ ಅಳತೊಡಗಿದಳು.

"ಹಾಕ್ಲಿ. ನನ್ನ ಜೇಲಿಗಿ ಹಾಕ್ಬೇಕಂದ್ರ, ಕೇರಿಯಾಗ ಡಂಗುರ ಆಗ್ಯದಂತ ಅವರೇ ಬರಕೋಬೇಕು. ಬರಕೊಂಡ ದಿನಾ ನೀ ಶಾಲಿ ಒಳಗ ಹೋಗಿ ಕೂಡು."